ತೊಗರಿ ಆವಕದ ಆಪ್‌ನಲ್ಲಿ ನಾನು ಬಿಚ್ಚಿದ ಕಾಲ್‌ಬ್ಯಾಕ್ ಗಂಟು

ಕಲಬುರಗಿಯ ಒಂದು ದಾಲ್ ಮಿಲ್ಲಿಗೆ ತೊಗರಿ ಆವಕ ಬರೆದಿಡುವ ಆಂಡ್ರಾಯ್ಡ್ ಆಪ್ ಮಾಡಿಕೊಟ್ಟಿದ್ದೆ. ಜನವರಿ ತಿಂಗಳು, ಆವಕ ಜೋರಾಗಿದ್ದ ಹೊತ್ತು. ರಾತ್ರಿ ಪಾಳಿಯ ಮುನೀಮರು ಫೋನ್ ಮಾಡಿದರು: "ಸರ, ಈ ಲಾಟ್ ತೂಗಿದ್ದು ನಾ. ಚೀಟಿ ಮ್ಯಾಲ ಹಗಲ ಪಾಳಿಯವರ ಹೆಸರ ಬಂದದ ನೋಡ್ರಿ."

ತೂಕದ ಕಡೆ ಇದ್ದದ್ದು ಒಂದೇ ಫೋನು. ಪಾಳಿ ಬದಲಾದಾಗ ಒಬ್ಬರು ಲಾಗ್‌ಔಟ್ ಆಗಿ ಇನ್ನೊಬ್ಬರು ಲಾಗಿನ್ ಆಗುತ್ತಿದ್ದರು. ನೆಟ್‌ವರ್ಕ್ ಕೆಲಸಕ್ಕೆಲ್ಲ ನಾನು ಒಂದು ಸಿಂಗಲ್‌ಟನ್ (ಇಡೀ ಆಪ್‌ಗೆ ಒಂದೇ ಇರುವ ವಸ್ತು) ಬರೆದಿದ್ದೆ. ಆಪ್‌ನ ಪ್ರೊಸೆಸ್ ಇರುವತನಕ ಅದೂ ಇರುತ್ತದೆ. ಮೊದಲ ಸಲ ಕ್ಲೈಂಟ್ (ಸರ್ವರ್ ಜೊತೆ ಮಾತಾಡುವ ಭಾಗ) ಕಟ್ಟುವಾಗ ಓದಿದ ಟೋಕನ್ನೇ, ಅಂದರೆ ಲಾಗಿನ್ ಆದವರ ಗುರುತಿನ ಚೀಟಿಯೇ, ಪ್ರತಿ ರಿಕ್ವೆಸ್ಟಿನ ಹೆಡರ್‌ನಲ್ಲಿ ಹೋಗುತ್ತಿತ್ತು. ಹೊಸಬರು ಲಾಗಿನ್ ಆದರೂ ಸರ್ವರ್‌ಗೆ ಕಾಣುತ್ತಿದ್ದವರು ಹಳಬರೇ. ನಾನು ಪರೀಕ್ಷೆ ಮಾಡುವಾಗ ಪ್ರತಿ ಸಲ ಆಪ್ ಮುಚ್ಚಿ ತೆರೆಯುತ್ತಿದ್ದೆ, ಹಾಗಾಗಿ ನನಗೆ ಇದು ಸಿಕ್ಕಿರಲೇ ಇಲ್ಲ.

ಅದೇ ಕೋಡಿನಲ್ಲಿ ಇನ್ನೊಂದು ತೊಂದರೆಯೂ ಕೂತಿತ್ತು. ಲಾಟ್ ಉಳಿಸಲು ಟೋಕನ್ ನವೀಕರಣ, ರೈತರ ವಿವರ, ಫೋಟೋ, ಆಮೇಲೆ ತೂಕ ಮತ್ತು ತೇವಾಂಶ, ಹೀಗೆ ನಾಲ್ಕು ರೆಟ್ರೋಫಿಟ್ (ಸರ್ವರ್ ಕರೆಗಳನ್ನು ಬರೆಯುವ ಲೈಬ್ರರಿ) ಕರೆಗಳು ಒಂದರ ಹೊಟ್ಟೆಯೊಳಗೊಂದು. ರೆಟ್ರೋಫಿಟ್‌ನ ಕಾಲ್‌ಬ್ಯಾಕ್‌ನಲ್ಲಿ, ಅಂದರೆ ಕರೆ ಮುಗಿದಾಗ ಓಡುವ ಕೋಡಿನಲ್ಲಿ, ಸರ್ವರ್ 401 (ಗುರುತು ಒಪ್ಪಿಲ್ಲ) ಅಥವಾ 500 (ಸರ್ವರಿನದೇ ದೋಷ) ಎಂದರೂ ಅದು ಬರುವುದು ಆನ್‌ರೆಸ್ಪಾನ್ಸ್‌ಗೇ. ಆನ್‌ಫೇಲ್ಯರ್‌ಗೆ ಬರುವುದು ಸಂಪರ್ಕ ಕಡಿದಂಥ ವೈಫಲ್ಯ. ಮೂರನೇ ಪದರದಲ್ಲಿ ನಾನು ಯಶಸ್ಸನ್ನು ಪರಿಶೀಲಿಸಿರಲಿಲ್ಲ. ಫೋಟೋ ದೊಡ್ಡದಾಗಿ ಸರ್ವರ್ 413 ಕೊಟ್ಟಾಗ ಸರಪಳಿ ಅಲ್ಲೇ ನಿಂತು, ಪರದೆ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಹೊರಗೆ ಗಾಡಿಗಳ ಸಾಲು.

ಆ ನಾಲ್ಕನ್ನೂ ಕೊರೂಟೀನ್‌ಗೆ (ಕಾಯುವ ಕೆಲಸವನ್ನೂ ಸಾಲಾಗಿ ಬರೆಯುವ ಕೋಟ್ಲಿನ್ ವಿಧಾನ) ಬದಲಿಸಿದೆ. 2019ರಲ್ಲಿ ಬಂದ ರೆಟ್ರೋಫಿಟ್ 2.6.0ರಿಂದ ಸಸ್ಪೆಂಡ್ ಫಂಕ್ಷನ್ (ಉತ್ತರಕ್ಕೆ ಮಧ್ಯೆ ನಿಂತು ಕಾಯಬಲ್ಲದ್ದು) ನೇರವಾಗಿ ಬರೆಯಬಹುದು. ನಾಲ್ಕು ಕರೆ ನಾಲ್ಕು ಸಾಲಾದವು. ಡೇಟಾವನ್ನೇ ನೇರ ಹಿಂತಿರುಗಿಸುವಂತೆ ಬರೆದರೆ 413 ಕೂಡ ಎಕ್ಸೆಪ್ಶನ್ (ಕೋಡು ಎಸೆಯುವ ದೋಷದ ಸೂಚನೆ) ಆಗಿ ಬರುತ್ತದೆ, ಎಲ್ಲ ತಪ್ಪೂ ಒಂದೇ ಕಡೆ ಕೈಗೆ ಸಿಗುತ್ತದೆ. ಒಂದು ಎಚ್ಚರ: ಎಲ್ಲ ಎಕ್ಸೆಪ್ಶನ್ ಹಿಡಿಯುವ ಭರದಲ್ಲಿ ಕ್ಯಾನ್ಸಲೇಶನ್ ಎಕ್ಸೆಪ್ಶನ್ (ಕೆಲಸ ರದ್ದಾಯಿತೆಂಬ ಸೂಚನೆ) ನುಂಗಬೇಡಿ, ಅದನ್ನು ಮತ್ತೆ ಎಸೆಯಬೇಕು. ಪರದೆ ಮುಚ್ಚಿದರೂ ಫೋಟೋ ಹೋಗಲೇಬೇಕು, ಅದಕ್ಕೆ ಅಪ್‌ಲೋಡನ್ನು ಹಿನ್ನೆಲೆ ಕೆಲಸ ನೋಡಿಕೊಳ್ಳುವ ವರ್ಕ್‌ಮ್ಯಾನೇಜರ್‌ಗೆ ಒಪ್ಪಿಸಿದೆ.

ಸಿಂಗಲ್‌ಟನ್ ಪೂರ್ತಿ ಕಿತ್ತೆಸೆಯಲಿಲ್ಲ. ರೆಟ್ರೋಫಿಟ್‌ನ ಕೆಳಗೆ ಕೆಲಸ ಮಾಡುವ ಓಕೆಎಚ್‌ಟಿಟಿಪಿ ಕ್ಲೈಂಟ್ ಇಡೀ ಆಪ್‌ಗೆ ಒಂದೇ ಇರಬೇಕು. ಪ್ರತಿ ಕ್ಲೈಂಟಿಗೂ ಅದರದೇ ಸಂಪರ್ಕಗಳ ಪೂಲ್, ಥ್ರೆಡ್ ಪೂಲ್ ಇರುತ್ತವೆ. ಪರದೆಗೊಂದು ಹೊಸದು ಕಟ್ಟಿದರೆ ಪ್ರತಿ ಸಲ ಟಿಎಲ್‌ಎಸ್ ಹ್ಯಾಂಡ್‌ಶೇಕ್ (ಸುರಕ್ಷಿತ ಸಂಪರ್ಕಕ್ಕೆ ಮೊದಲಿನ ಮಾತುಕತೆ) ಹೊಸದಾಗಿ ಆಗಬೇಕು, ಮಿಲ್ಲಿನ ತಗಡಿನ ಸೂರಿನಡಿ ಅದು ತಡೆಯಲಾರದಷ್ಟು ನಿಧಾನ. ಅದರೊಳಗೆ ಇರಬಾರದ್ದು ಬಳಕೆದಾರರ ಗುರುತು. ಈಗ ಇಂಟರ್‌ಸೆಪ್ಟರ್ (ರಿಕ್ವೆಸ್ಟ್ ಹೊರಡುವ ಮುಂಚೆ ಅದನ್ನು ಹಿಡಿಯುವ ಕೋಡು) ಪ್ರತಿ ರಿಕ್ವೆಸ್ಟಿಗೂ ಆಗ ಲಾಗಿನ್ ಆಗಿರುವವರ ಸೆಷನ್‌ನಿಂದ ಟೋಕನ್ ಕೇಳುತ್ತದೆ. ಆಪ್ ಮುಚ್ಚದೆ ಇಬ್ಬರು ಒಬ್ಬರಾದ ಮೇಲೊಬ್ಬರು ಲಾಗಿನ್ ಆಗುವ ಟೆಸ್ಟನ್ನು ಮಾಕ್‌ವೆಬ್‌ಸರ್ವರ್ (ಪರೀಕ್ಷೆಗೆಂದೇ ಇರುವ ನಕಲಿ ಸರ್ವರ್) ಮೇಲೆ ಬರೆದೆ.

ಹೊಸ ಆವೃತ್ತಿ ಹಾಕಿದ ದಿನ ಇಬ್ಬರೂ ಮುನೀಮರ ಜೊತೆ ಕೂತು, ತೂಕದ ಕಾಗದ ಹಿಡಿದು, ತಪ್ಪು ಹೆಸರಿನ ಚೀಟಿಗಳನ್ನು ಒಂದೊಂದಾಗಿ ತಿದ್ದಿದೆವು.