ಚಳಿಗೆ ಎಲೆ ಸಾಯುತ್ತದೆ, ಕ್ರಿಮಿ ಸಾಯುವುದಿಲ್ಲ

ಫ್ರೀಜರಿನಿಂದ ತೆಗೆದ ಸೊಪ್ಪನ್ನು ತಟ್ಟೆಯಲ್ಲಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ತಟ್ಟೆ ತುಂಬಾ ಹಸಿರು ನೀರು, ಎಲೆ ಒದ್ದೆ ಬಟ್ಟೆಯಂತೆ ಜೋತು ಬಿದ್ದಿರುತ್ತದೆ. ಎಲೆಯಲ್ಲಿದ್ದ ನೀರು ಮಂಜುಗಡ್ಡೆ ಕಟ್ಟುವಾಗ ಜೀವಕೋಶಗಳು ಒಡೆದಿರುತ್ತವೆ. ನಿಧಾನವಾಗಿ ಗಡ್ಡೆ ಕಟ್ಟಿದರೆ ಮಂಜಿನ ಹರಳು ದಪ್ಪ, ಹಾಳೂ ಜಾಸ್ತಿ. ಅದಕ್ಕೇ ಬಟಾಣಿ, ಬೀನ್ಸ್ ಇಡುವಾಗ ರಾಶಿ ಹಾಕಬೇಡಿ. ಒಂದೆರಡು ನಿಮಿಷ ಕುದಿಯುವ ನೀರಲ್ಲಿ ಅದ್ದಿ, ತಣ್ಣೀರಿಗೆ ಹಾಕಿ, ಒರೆಸಿ, ತೆಳುವಾಗಿ ಹರಡಿ ಇಡಿ. ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ. ಬಿಸಿನೀರು ತೋರಿಸದಿದ್ದರೆ ಕಾಳಿನೊಳಗಿನ ಕಿಣ್ವಗಳು (ರಾಸಾಯನಿಕ ಕ್ರಿಯೆಗಳನ್ನು ನಡೆಸುವ ಎನ್‌ಜೈಮ್‌ಗಳು) ಫ್ರೀಜರಿನಲ್ಲೂ ಮೆಲ್ಲಗೆ ಕೆಲಸ ಮಾಡಿ ಬಣ್ಣ, ರುಚಿ ಕೆಡಿಸುತ್ತವೆ.

ಕ್ರಿಮಿಗಳ, ಅಂದರೆ ಬ್ಯಾಕ್ಟೀರಿಯಾ, ಈಸ್ಟ್‌ನಂಥ ಕಣ್ಣಿಗೆ ಕಾಣದ ಜೀವಿಗಳ, ವಿಷಯದಲ್ಲಿ ಮಾತ್ರ ಫ್ರೀಜರನ್ನು ನಂಬಬೇಡಿ. ಮೈನಸ್ 18 ಡಿಗ್ರಿಯಲ್ಲಿ ಅವು ಬೆಳೆಯುವುದಿಲ್ಲ, ಅಷ್ಟೇ. ಕೆಲವು ಸಾಯುತ್ತವೆ, ಉಳಿದವು ಬೆಚ್ಚಗಾಗುವುದನ್ನೇ ಕಾಯುತ್ತಿರುತ್ತವೆ. ಬ್ರೆಡ್ ಮಾಡುವ ಈಸ್ಟ್ ಕಷ್ಟಕಾಲದಲ್ಲಿ ಟ್ರೆಹಲೋಸ್ ಎಂಬ ಸಕ್ಕರೆಯನ್ನು ಮೈಯೊಳಗೆ ಕೂಡಿಟ್ಟುಕೊಳ್ಳುತ್ತದೆ, ಅದೇ ಅದನ್ನು ಕಾಪಾಡುತ್ತದೆ. ಒಣ ಈಸ್ಟನ್ನು ಫ್ರೀಜರಿನಲ್ಲಿಟ್ಟರೂ ಮತ್ತೆ ಹಿಟ್ಟು ಉಬ್ಬುವುದು ಸುಮ್ನೆ ಅಲ್ಲ! ಲಿಸ್ಟೀರಿಯಾ ಎಂಬ ಕೆಟ್ಟ ಬ್ಯಾಕ್ಟೀರಿಯಾವಂತೂ ಫ್ರಿಡ್ಜಿನ 4 ಡಿಗ್ರಿಯಲ್ಲೂ ಬೆಳೆಯುತ್ತದೆ. ಗಡ್ಡೆ ಕಟ್ಟಿದ ಅಡುಗೆಯನ್ನು ಅಡುಗೆಮನೆ ಕಟ್ಟೆಯ ಮೇಲೆ ಕರಗಿಸಬೇಡಿ. ನಡುಭಾಗ ಇನ್ನೂ ಕಲ್ಲಾಗಿರುವಾಗಲೇ ಹೊರಭಾಗ ಬೆಚ್ಚಗಾಗಿ ಕ್ರಿಮಿ ಹೆಚ್ಚುತ್ತವೆ. ಹಿಂದಿನ ರಾತ್ರಿಯೇ ಫ್ರಿಡ್ಜಿನ ಕೆಳಗಿನ ಶೆಲ್ಫಿಗೆ ಇಳಿಸಿ. ತಿನ್ನುವ ಮುಂಚೆ ಹಬೆಯಾಡುವಷ್ಟು ಬಿಸಿ ಮಾಡಿ.

ಇನ್ನು ಗಿಡಗಳು. ಚಳಿ ಸಹಿಸುವ ಜಾತಿಯ ಗಿಡ ವಾರಗಟ್ಟಲೆ ತಯಾರಿ ಮಾಡಿಕೊಳ್ಳುತ್ತದೆ. ದಿನ ಚಿಕ್ಕದಾಗಿ ರಾತ್ರಿ ತಂಪಾಗುತ್ತಿದ್ದಂತೆ ಜೀವಕೋಶದಲ್ಲಿ ಸಕ್ಕರೆ ಕೂಡಿಡುತ್ತದೆ, ಅದರ ಪೊರೆಯ ರಚನೆಯನ್ನು ಬದಲಿಸಿಕೊಳ್ಳುತ್ತದೆ. ಆ ಹೊತ್ತಲ್ಲಿ ಗೊಬ್ಬರ ಹಾಕಿ ಎಳೆ ಚಿಗುರು ಬರಿಸಬೇಡಿ. ಚಳಿಗೆ ಮೊದಲು ಸುಟ್ಟಂತಾಗುವುದು ಅದೇ. ಇನ್ನೊಂದು ವಿಚಿತ್ರ ಕೇಳಿ: ಎಲೆ ಮೇಲಿರುವ ಸ್ಯೂಡೋಮೊನಾಸ್ ಸಿರಿಂಗೆ ಎಂಬ ಬ್ಯಾಕ್ಟೀರಿಯಾ ಮೈನಸ್ 2 ಡಿಗ್ರಿ ಸುಮಾರಿಗೇ ನೀರನ್ನು ಗಡ್ಡೆ ಕಟ್ಟಿಸಬಲ್ಲದು. ಅದಿಲ್ಲದಿದ್ದರೆ ಎಲೆ ಇನ್ನೂ ಸ್ವಲ್ಪ ಚಳಿ ತಡೆಯುತ್ತಿತ್ತು.

ಕೊರೆಯುವ ಚಳಿ ಬರುತ್ತದೆ ಅನಿಸಿದರೆ ಹಗಲಲ್ಲೇ ಬುಡಕ್ಕೆ ನೀರು ಹಾಕಿ. ಒದ್ದೆ ಮಣ್ಣು ಒಣಮಣ್ಣಿಗಿಂತ ಜಾಸ್ತಿ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಸಂಜೆ ಹಳೇ ಬೆಡ್‌ಶೀಟನ್ನು ನೆಲ ಮುಟ್ಟುವಂತೆ ಹೊದಿಸಿ, ಬೆಳಗ್ಗೆ ತೆಗೆಯಿರಿ. ಕೊಂಬೆ ಕಪ್ಪಾಯಿತೆಂದು ಆಗಲೇ ಕತ್ತರಿ ಹಿಡಿಯಬೇಡಿ. ಹೊಸ ಚಿಗುರು ಬರುವವರೆಗೆ ಕಾಯಿರಿ. ಅನುಮಾನ ಇದ್ದರೆ ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಾಗಿದ್ದರೆ ಆ ಕೊಂಬೆಗೆ ಜೀವ ಇದೆ, ಬಿಟ್ಟುಬಿಡಿ.