ಚರ್ಚ್ ವೆಬ್‌ಸೈಟ್: ಹೊಸಬರಿಗೆ ಬಾಗಿಲು, ಸಭೆಯವರಿಗೆ ವಾಟ್ಸಾಪ್

ವಾರವಾರ ತಪ್ಪದೆ ಬರುವವರು ಚರ್ಚ್‌ನ ವೆಬ್‌ಸೈಟ್ ತೆರೆಯುವುದು ಅಪರೂಪ. ತೆರೆಯುವವರು ಹೊಸದಾಗಿ ಬಂದ ಕುಟುಂಬದವರು, ದೀಕ್ಷಾಸ್ನಾನಕ್ಕೋ ಮದುವೆಗೋ ವಿಚಾರಿಸುವವರು, ಬರಲೋ ಬೇಡವೋ ಎಂದು ಯೋಚಿಸುತ್ತಿರುವವರು. ನಾವು ಸೈಟ್ ಕಟ್ಟಿದ್ದು ಇವರಿಗಾಗಿ. ಮೊಬೈಲಿನ ಮೊದಲ ಪರದೆಯಲ್ಲೇ ಆರಾಧನೆಯ ಸಮಯ, ಭಾಷೆ, ವಿಳಾಸ, ಫೋನ್ ಕಾಣಬೇಕು. ‘ಭಾನುವಾರದ ಆರಾಧನೆಗೆ ಸ್ವಾಗತ’ ಎಂದಷ್ಟೇ ಬರೆದರೆ ಅವರಿಗೆ ಏನೂ ತಿಳಿಯುವುದಿಲ್ಲ. ‘ಬೆಳಿಗ್ಗೆ 9ಕ್ಕೆ ಶುರು, ಒಂದೂವರೆ ಗಂಟೆ, ಅದೇ ಹೊತ್ತಿಗೆ ಮಕ್ಕಳಿಗೆ ಸಂಡೇ ಸ್ಕೂಲ್, ಗಾಲಿಕುರ್ಚಿಗೆ ಪಕ್ಕದ ಬಾಗಿಲು’ ಎಂದು ಬರೆದರೆ ಬರುವವರ ಅರ್ಧ ಅಳುಕು ಹೋಗುತ್ತದೆ. ಚರ್ಚ್‌ನ ಇತಿಹಾಸ, ಪಾಸ್ಟರ್ ಸಂದೇಶ ಎಲ್ಲ ಕೆಳಗೆ.

ಸಮಯವನ್ನು ಪೋಸ್ಟರ್ ಚಿತ್ರದೊಳಗೆ ಬರೆದು ಹಾಕಬೇಡಿ. ದೃಷ್ಟಿ ಇಲ್ಲದವರ ಸ್ಕ್ರೀನ್ ರೀಡರ್ ಅದನ್ನು ಸರಿಯಾಗಿ ಓದದು, ಸರ್ಚ್‌ನಲ್ಲೂ ಸುಲಭಕ್ಕೆ ಸಿಗದು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಾದ ಪಠ್ಯವನ್ನು ಯೂನಿಕೋಡ್‌ಗೆ (ಎಲ್ಲ ಫೋನು, ಕಂಪ್ಯೂಟರು ಓದಬಲ್ಲ ಅಕ್ಷರ ಸಂಕೇತಕ್ಕೆ) ಬದಲಿಸದೆ ಅಂಟಿಸಿದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು.

ಸೈಟ್‌ನಲ್ಲಿ ಸಮಯ ಬದಲಿಸಿದಾಗ ಗೂಗಲ್ ಮ್ಯಾಪ್ಸ್‌ನಲ್ಲಿರುವ ಸಮಯವನ್ನೂ ಜೊತೆಗೇ ತಿದ್ದಬೇಕು. ಪಾಶ್ಚಾತ್ಯ ಪಂಚಾಂಗದ ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವ ಭಾನುವಾರವೂ ಬರಬಹುದು, ಹಾಗಾಗಿ ಅದರ ಹಿಂದಿನ ಪವಿತ್ರ ವಾರದ ಸಮಯಗಳನ್ನು ಪ್ರತಿವರ್ಷ ಹೊಸದಾಗಿ ತುಂಬುತ್ತೇವೆ. ಕ್ರಿಸ್‌ಮಸ್ ಪ್ರಕಟಣೆ ಫೆಬ್ರುವರಿಯಲ್ಲೂ ನೇತಾಡುತ್ತಿದ್ದರೆ, ಈ ಚರ್ಚ್ ನಡೆಯುತ್ತಿದೆಯೋ ಇಲ್ಲವೋ ಎಂಬ ಅನುಮಾನ ಸಹಜ.

ನೇರಪ್ರಸಾರ ಕೆಡುವುದು ಹೆಚ್ಚಾಗಿ ಚಿತ್ರದಿಂದಲ್ಲ, ಧ್ವನಿಯಿಂದ. ಹಿಂದಿನ ಬೆಂಚಿನಲ್ಲಿಟ್ಟ ಫೋನಿನ ಮೈಕಿಗೆ ಗೋಡೆಯ ಪ್ರತಿಧ್ವನಿಯೇ ಜಾಸ್ತಿ ಕೇಳುತ್ತದೆ, ಪ್ರಸಂಗ (ಪಾಸ್ಟರ್ ಉಪದೇಶ) ಕಲಸಿಹೋಗುತ್ತದೆ. ಎಲ್ಲ ಮೈಕುಗಳ ಧ್ವನಿ ಸೇರಿಸುವ ಮಿಕ್ಸರ್‌ನ ಮುಖ್ಯ ಔಟ್‌ಪುಟ್ಟನ್ನೇ ಕೊಟ್ಟರೂ ಸರಿಹೋಗದು: ಡ್ರಮ್ ಹಾಲ್‌ನಲ್ಲಿ ತಾನಾಗಿಯೇ ಜೋರು, ಆದ್ದರಿಂದ ಮಿಕ್ಸರ್‌ನಲ್ಲಿ ಅದನ್ನು ತಗ್ಗಿಸಿರುತ್ತಾರೆ, ಮನೆಯಲ್ಲಿ ಕೇಳುವವರಿಗೆ ಅದು ಕೇಳಿಸುವುದೇ ಇಲ್ಲ. ಅದಕ್ಕೆ ಮಿಕ್ಸರ್‌ನ ಆಕ್ಸ್ ಔಟ್ ಎಂಬ ಹೆಚ್ಚುವರಿ ಔಟ್‌ಪುಟ್‌ನಿಂದ ಪ್ರಸಾರಕ್ಕೆಂದೇ ಬೇರೆ ಮಿಶ್ರಣ ತೆಗೆಯುತ್ತೇವೆ. ಜನರತ್ತ ತಿರುಗಿಸಿದ ಒಂದು ಮೈಕನ್ನು ಅದಕ್ಕೆ ಸ್ವಲ್ಪವೇ ಸೇರಿಸುತ್ತೇವೆ. ಅದಿಲ್ಲದಿದ್ದರೆ ಸಭೆ ಹಾಡುವ ಕೀರ್ತನೆ, ಖಾಲಿ ಹಾಲ್‌ನಲ್ಲಿ ಒಬ್ಬರೇ ಹಾಡಿದಂತೆ ಕೇಳುತ್ತದೆ. ಮಿಕ್ಸರ್‌ನಿಂದ ಬರುವ, ಮೈಕಿಗಿಂತ ಜೋರಾದ ಲೈನ್ ಸಿಗ್ನಲನ್ನು ಫೋನಿನ ಮೈಕ್ ಕಿಂಡಿಗೆ ನೇರ ಚುಚ್ಚಿದರೆ ಧ್ವನಿ ಒಡೆಯುತ್ತದೆ. ನಡುವೆ ಆ ಸಿಗ್ನಲನ್ನು ಫೋನಿಗೆ ಹೊಂದಿಸಿಕೊಡುವ ಆಡಿಯೋ ಇಂಟರ್‌ಫೇಸ್ ಎಂಬ ಪೆಟ್ಟಿಗೆ ಬೇಕು. 720ಪಿ ಗುಣಮಟ್ಟದ ಚಿತ್ರಕ್ಕೆ ಸುಮಾರು 4 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಸಾಕು, ಆದರೆ ಅಪ್‌ಲೋಡ್ ವೇಗ ಅದರ ಎರಡರಷ್ಟಾದರೂ ಇರಲಿ, ಅದೂ ಕೇಬಲ್‌ನಲ್ಲಿ. ವೈಫೈ ವೇಗವನ್ನು ಖಾಲಿ ಹಾಲ್‌ನಲ್ಲಿ ಅಳೆದು ನಂಬಬೇಡಿ, ಜನ ತುಂಬಿದ ಮೇಲೆ ಅವರ ಫೋನುಗಳೂ ಅದೇ ಜಾಲಕ್ಕೆ ಸೇರುತ್ತವೆ.

ಯೂಟ್ಯೂಬ್ ಚಾನೆಲ್‌ನಲ್ಲಿ ಮೊದಲ ಸಲ ಲೈವ್ ಸೌಲಭ್ಯ ತೆರೆದುಕೊಳ್ಳಲು 24 ಗಂಟೆ ಹಿಡಿಯಬಹುದು, ಶನಿವಾರ ರಾತ್ರಿ ಕೂತರೆ ಭಾನುವಾರ ಪ್ರಸಾರವಿಲ್ಲ. ಆರಾಧನೆಗೆ ಮುಂಚೆ ಸಿಡಿ ಹಾಡು ಹಾಕುವ ಅಭ್ಯಾಸವಿದ್ದರೆ ಅದು ಮುಗಿದ ಮೇಲೆ ಪ್ರಸಾರ ಶುರುಮಾಡಿ. ಕೀರ್ತನೆ ಎಷ್ಟೇ ಹಳೆಯದಾದರೂ ಅದರ ಧ್ವನಿಮುದ್ರಣಕ್ಕೆ ಬೇರೆ ಹಕ್ಕುದಾರರು ಇರಬಹುದು, ವಿಡಿಯೋ ತಡೆಹಿಡಿಯಲ್ಪಡಬಹುದು. ಸಾಕ್ಷಿ (ತಮ್ಮ ನಂಬಿಕೆಯ ಅನುಭವ) ಹೇಳುವ ಹೊತ್ತು, ವೈಯಕ್ತಿಕ ಪ್ರಾರ್ಥನೆಯ ಹೊತ್ತು ಬಂದಾಗ ಕ್ಯಾಮೆರಾ ಶಿಲುಬೆಯತ್ತ ತಿರುಗುತ್ತದೆ, ಮೈಕ್ ಮ್ಯೂಟ್ ಆಗುತ್ತದೆ. ಈ ವಿಷಯದಲ್ಲಿ ನಮ್ಮಲ್ಲಿ ರಿಯಾಯಿತಿ ಇಲ್ಲ.

ವಾಟ್ಸಾಪ್‌ನಲ್ಲಿ ಪ್ರಕಟಣೆಯ ಗುಂಪಿಗೆ ಅಡ್ಮಿನ್‌ಗಳು ಮಾತ್ರ ಬರೆಯುತ್ತಾರೆ. ಇಲ್ಲವಾದರೆ ಶವಸಂಸ್ಕಾರದ ಸಮಯ ನೂರು ‘ಗುಡ್ ಮಾರ್ನಿಂಗ್’ ಅಡಿ ಹೂತುಹೋಗುತ್ತದೆ. ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿ ನಂಬಿ ಕೂರಬೇಡಿ: 256 ಜನಕ್ಕೆ ಮಿತಿ, ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ. ಪ್ರಾರ್ಥನಾ ವಿನಂತಿಯಲ್ಲಿ ಕಾಯಿಲೆಯ ಹೆಸರು, ವಾರ್ಡ್ ಸಂಖ್ಯೆ ಬರೆಯುವ ಮುನ್ನ ಆ ಮನೆಯವರ ಒಪ್ಪಿಗೆ ಕೇಳಿ. ಸ್ಕ್ರೀನ್‌ಶಾಟ್ ಎಲ್ಲಿಗೂ ಹೋಗುತ್ತದೆ.

ಕೊನೆಗೆ, ಬೀಗದಕೈ ವಿಚಾರ. ಡೊಮೇನ್ (ಸೈಟ್‌ನ ನೋಂದಾಯಿತ ವಿಳಾಸ) ಖಾತೆ ಸ್ವಯಂಸೇವಕರೊಬ್ಬರ ಸ್ವಂತ ಇಮೇಲಿನಲ್ಲಿದ್ದು, ಓಟಿಪಿ ಅವರ ಫೋನಿಗೇ ಬರುತ್ತಿದ್ದರೆ, ಅವರು ಬೇರೆ ಊರಿಗೆ ಹೋದ ವರ್ಷವೇ ನವೀಕರಣ ತಪ್ಪುತ್ತದೆ. ಸೈಟ್ ಜೊತೆ ಅದೇ ಡೊಮೇನಿನ ಇಮೇಲ್ ಕೂಡ ನಿಲ್ಲುತ್ತದೆ, ಎಚ್ಚರಿಕೆಯ ಪತ್ರವೂ ಬಾರದು. ಖಾತೆ ಚರ್ಚ್ ಹೆಸರಿನಲ್ಲಿರಲಿ, ಪಾಸ್‌ವರ್ಡ್ ಇಬ್ಬರ ಬಳಿ ಇರಲಿ, ಸಂಪರ್ಕದ ಇಮೇಲ್ ಮಾತ್ರ ಬೇರೆ ಡೊಮೇನಿನದಾಗಿರಲಿ.