ಅಕೇಶಿಯಾ ಸೌದೆ ಒಡೆದು ಗೆದ್ದ ಕಥೆ (ನನ್ನ ಅನುಭವ)

ಶಿವರಾತ್ರಿ ಮುಗಿಸ್ಕೊಂಡು ಶುರು ಮಾಡಿದ್ದು, ಯುಗಾದಿ ಹೊತ್ತಿಗೆ ಸೌದೆ ಕೊಟ್ಟಿಗೆ ಮಾಡಿನ ತನಕ ತುಂಬ್ತು. ಒಬ್ನೇ ಒಡ್ದಿದ್ದು, ದಿನಾ ತಿಂಡಿಗೆ ಮುಂಚೆ ಒಂದೂವರೆ ಗಂಟೆ ಅಷ್ಟೇ. "ಭಾವ, ಸೊಂಟ ಹಿಡ್ಕೊಂಡ್ರೆ ಆಮೇಲೆ ನಮ್ಮ ಅಕ್ಕ ಅನುಭವಿಸ್ಬೇಕು" ಅಂತಿದ್ದ ಬಾಮೈದ ಈಗ ಬೆಣೆ ಎಲ್ಲಿ ಮಾಡಿಸ್ದ್ರಿ ಅಂತ ಕೇಳ್ತಿದಾನೆ.

ನಮ್ಮನೆಲಿ ಬಚ್ಚಲೊಲೆ ವರ್ಷಪೂರ್ತಿ ಉರೀಬೇಕು, ಅದ್ರ ಮೇಲೆ ಅಡಿಕೆ ಬೇಯ್ಸೋ ಒಲೆ ಬೇರೆ. ಹೋದ್ವರ್ಷ ಒಡಿಯೋರ ಕೂಲಿ, ಊಟ, ಕಾಫಿ ಎಲ್ಲಾ ಸೇರಿ 9 ಸಾವಿರದ ಹತ್ರ ಹೋಯ್ತು. ಅದರ ಹಿಂದಿನ ವರ್ಷ ಇನ್ನೂ ದೊಡ್ಡ ಮಂಗ ಆಗಿದ್ದೆ. ಮೋಟ್ರಿಗೆ ಸ್ಕ್ರೂ ತರದ್ದು ಚೂಪು ಕೋನ್ ಹಾಕಿರೋ ಮಷಿನ್ ಸೆಕೆಂಡ್ ಹ್ಯಾಂಡಲ್ಲಿ 22 ಸಾವಿರಕ್ಕೆ ತಂದೆ, ನೆಟ್ಟಗಿರೋ ಕುಂಟೆ (ಮರದ ತುಂಡು) ಏನೋ ಸೌತೆಕಾಯಿ ಸೀಳ್ದಂಗೆ ಸೀಳತ್ತೆ, ಗಂಟು ಸಿಕ್ತೋ ಕುಂಟೆನೇ ಗಿರ್ರಂತ ತಿರುಗಿ ಕೈಗೆ ಬಡಿಯತ್ತೆ. ಒಂದಿನ ಪಂಚೆ ಚುಂಗು ಸುತ್ಕೊಂಡ್ತು, ಪುಣ್ಯಕ್ಕೆ ಹಳೇ ಪಂಚೆ, ಹರ್ಕೊಂಡು ಹೋಯ್ತು. ಅವತ್ತೇ ಮನೆಲಿ ತೀರ್ಮಾನ ಆಯ್ತು, 13 ಸಾವಿರಕ್ಕೆ ಮಾರ್ದೆ.

ಆಮೇಲೆ ಬರೀ ಕೊಡಲಿ ಹಿಡ್ದೆ, ಮೂರು ಕಾವು ಮುರ್ದೆ. ತಪ್ಪು ಕೊಡಲೀದಲ್ಲ, ಒಣಗ್ಲಿ ಆಮೇಲೆ ಒಡಿಯೋಣ ಅಂತ ಕಾಯ್ತಿದ್ದೆ ನೋಡಿ ಅದ್ರದ್ದು. ಒಣಗಿದ ಅಕೇಶಿಯಾ ಗಂಟಿಗೆ ಕೊಡಲಿ ಹಾಕಿದ್ರೆ ಕೈ ಜುಂ ಅನ್ನತ್ತೆ, ಮರಕ್ಕೆ ಏನೂ ಆಗಲ್ಲ. ಈ ಸಲ ಚೈನ್ ಸಾ ಮಷಿನ್ನವನ ಕೈಲಿ ಒಂದೂಕಾಲು ಅಡಿಗೆ ತುಂಡು ಹಾಕಿಸಿ, ಎರಡು ಮೂರು ದಿನದೊಳಗೆ ಹಸಿ ಇದ್ದಾಗ್ಲೇ ಬೆಣೆ ಇಳಿಸ್ದೆ. ನಡುವಿಗೆ ಹಾಕಲೇಬಾರ್ದು, ಅಂಚಿಂದ ಒಂದೊಂದೇ ಹೋಳು ಬಿಡಿಸ್ಕೊಂಡು ಬರ್ಬೇಕು. ಹಸಿ ಮರ ಬೆಣೆನ ಹೊರಗೆ ಉಗಿಯತ್ತೆ, ಅದಕ್ಕೆ ಬೆಣೆ ಮೂತಿಗೆ ಒಂಚೂರು ಮರಳು ಉಜ್ಜಿ, ಕಚ್ಕೊಳತ್ತೆ. ಪಂಕ್ಚರ್ ಅಂಗಡಿಯಿಂದ ಪುಕ್ಕಟೆ ತಂದ ಹಳೇ ಟೈರು ಬೊಡ್ಡೆ ಮೇಲಿಟ್ಟು ಅದರೊಳಗೆ ಕುಂಟೆ ನಿಲ್ಲಿಸಿದ್ರೆ ಹೋಳು ಚೆಲ್ಲಾಪಿಲ್ಲಿ ಆಗಲ್ಲ, ಬಗ್ಗಿ ಬಗ್ಗಿ ಆರಿಸೋ ಕೆಲ್ಸ ಇಲ್ಲ. ಸೊಂಟ ಉಳಿದಿದ್ದು ಇದ್ರಿಂದ್ಲೇ.

ಬೆಣೆ ಮೂರು ಬೇಕು, ಒಂದು ಸಿಕ್ಕಾಕೊಂಡ್ರೆ ಬಿಡಿಸೋಕೆ ಇನ್ನೊಂದು. ಲಾರಿ ಆಕ್ಸಲ್ ತುಂಡಲ್ಲಿ ಕಮ್ಮಾರ ಆಚಾರ್ರ ಹತ್ರ ಮಾಡ್ಸಿದ್ದು, ಒಂದಕ್ಕೆ 400 ಬಿತ್ತು ಅನ್ಸತ್ತೆ. ಮೂತಿ ಯಾವ ಓರೆಗೆ ತಟ್ಟಿಸ್ದೆ ಅಂತ ಮಾತ್ರ ಕೇಳ್ಬೇಡಿ, ನಾಲ್ಕು ಸಲ ಕುಲುಮೆಗೆ ಅಲೆದು ಕಲ್ತಿದ್ದು, ಬಾಮೈದನಿಗೂ ಹೇಳಿಲ್ಲ. ಬೆಣೆ ತಲೆ ಏಟು ತಿಂದು ಅಣಬೆ ತರ ಅರಳಿದ್ರೆ ಗ್ರೈಂಡರಲ್ಲಿ ತೆಗಿರಿ, ಇಲ್ದಿದ್ರೆ ಚೂರು ಹಾರತ್ತೆ, ಹಾಗೊಂದು ನನ್ನ ಮೊಣಕಾಲ ಕೆಳಗೆ ಕೂತಿತ್ತು.

ಬುಡದ ಕಡೆಯಿಂದ ಹೊಡಿಬೇಕಾ ತುದಿ ಕಡೆಯಿಂದಾನಾ ಅಂತ ಊರಲ್ಲಿ ದೊಡ್ಡ ವಾದ ಇದ್ಯಲ್ಲ, ಹತ್ತತ್ತು ಕುಂಟೆ ಎರಡೂ ತರ ಹೊಡ್ದು ನೋಡ್ದೆ, ನಂಗಂತೂ ವ್ಯತ್ಯಾಸ ಕಾಣ್ಲಿಲ್ಲ. ಗಂಟು ಯಾವ ಕಡೆ ಇದೆ ನೋಡ್ಕೊಂಡು ಹೊಡೀರಿ ಅಷ್ಟೇ. ಬಿದಿರಿನ ಬೆಣೆನೂ ಮಾಡ್ದೆ, ಮೂರನೇ ಏಟಿಗೆ ಪೊರಕೆ ಆಯ್ತು.

ಹಲಸಿನ ಕವಲು ಎರಡು ಮಾತ್ರ ಇನ್ನೂ ಅಂಗಳದಲ್ಲಿ ಬಿದ್ದಿವೆ. ಒಂದರೊಳಗೆ 400 ರೂಪಾಯಿ ಬೆಣೆ ಹಾಗೇ ಇದೆ.